ಯಾರಿಗೂ ಏನೂ ಆಗದ ಬೆಳಗು

ಭಾನುವಾರ, ಮಧ್ಯಾಹ್ನ

ನನ್ನ ಮಿಂಚುಳ್ಳಿಗೆ,

ಅಮ್ಮನ ಮುತ್ತು ಮೊದಲು, ಬೈಗುಳ ಆಮೇಲೆ.

ಊರೊಳಗೇ ಇರುವವಳಿಗೆ ಇದೇನು ಕಾಗದ ಎಂದು ಮೂಗು ಮುರಿಯಬೇಡ. ಫೋನಿನಲ್ಲಿ ನೀನು ನನ್ನನ್ನು ಎಲ್ಲಿ ಮಾತಾಡಲು ಬಿಡುತ್ತೀಯ? ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ "ಗೊತ್ತಾಯ್ತು ಬಿಡಮ್ಮಾ" ಎಂದು ಇಟ್ಟುಬಿಟ್ಟಿರುತ್ತೀಯ. ನಿನಗೆ ಏನು ಗೊತ್ತಾಯಿತೋ ನನಗೆ ಇವತ್ತಿಗೂ ಗೊತ್ತಾಗಿಲ್ಲ. ಕಾಗದದಲ್ಲಾದರೂ ನೀನು ನನ್ನ ನಡಿಗೆಗೆ ಬರಲೇಬೇಕು. ಒಂದೊಂದೇ ಸಾಲು ಓದು, ಹಾರಿಸಬೇಡ.

ಅಪ್ಪ ಮಲಗಿದ್ದಾರೆ. ಕಿಟಕಿಯ ಪರದೆ ಎಳೆದಿದ್ದೇನೆ, ಆದರೂ ಬಿಸಿಲು ಸಂದಿಯಿಂದ ಒಳಗೆ ಬಂದು ಅವರ ಹೊದಿಕೆಯ ಮೇಲೆ ಕೂತಿದೆ. ನಿದ್ದೆಯಲ್ಲೂ ಅವರ ಬೆರಳು ಅಕ್ಷರ ಬರೆಯುತ್ತಿದೆ. ಇವತ್ತು ಯಾವುದೋ ದೊಡ್ಡ ಅಂಗಡಿಯ ಬೋರ್ಡು ಇರಬೇಕು, ಕೈ ಹಾಸಿಗೆಯ ಈ ಅಂಚಿನಿಂದ ಆ ಅಂಚಿನವರೆಗೂ ಹೋಗಿ ಬರುತ್ತಿದೆ. ಏಣಿಯ ಮೇಲೆ ನಿಂತು ಒಂದೇ ಉಸಿರಿಗೆ ಒಂದು ಗೆರೆ ಎಳೆಯುತ್ತಿದ್ದರಲ್ಲ, ಆಗ ಹೇಗೆ ತುಟಿ ಬಿಗಿ ಹಿಡಿಯುತ್ತಿದ್ದರೋ ಈಗಲೂ ಹಾಗೇ ಹಿಡಿದಿದ್ದಾರೆ. ಎದ್ದ ಕೂಡಲೇ "ಮಿಂಚುಳ್ಳಿ ಸ್ಕೂಲಿಂದ ಬಂದಳಾ?" ಎನ್ನುತ್ತಾರೆ. ದಾರಿಯಲ್ಲಿದ್ದಾಳೆ ಎನ್ನುತ್ತೇನೆ. ಆ ಕಾರು ಅವರನ್ನು ಹೊಡೆದು ನಾಲ್ಕು ವರ್ಷವಾಯಿತು, ನಿನಗೆ ಈಜು ಕಲಿಸುವ ಕೆಲಸ ಸಿಕ್ಕಿ ಮೂರು ವರ್ಷವಾಯಿತು. ಅವರ ಲೆಕ್ಕದಲ್ಲಿ ನೀನಿನ್ನೂ ಎರಡು ಜಡೆಯ ಹುಡುಗಿ. ಒಮ್ಮೊಮ್ಮೆ ನಾನೂ ಆ ಲೆಕ್ಕಕ್ಕೇ ಬಿದ್ದುಬಿಡುತ್ತೇನೆ. ಬಾಗಿಲ ಸದ್ದಾದರೆ ಸಾಕು, ಹಾಲಿಗೆ ಸಕ್ಕರೆ ಹಾಕಲು ಏಳುತ್ತೇನೆ.

ಈಗ ವಿಷಯಕ್ಕೆ ಬರುತ್ತೇನೆ.

ನಿನ್ನ ವಕೀಲರು ಶುಕ್ರವಾರ ಸಂಜೆ ಬಂದಿದ್ದರು. ಒಳ್ಳೆಯ ಮನುಷ್ಯ. ಚಪ್ಪಲಿ ಬಿಚ್ಚುವಾಗಲೂ ಪ್ಯಾಂಟಿನ ಇಸ್ತ್ರಿ ಮುರಿಯದ ಹಾಗೆ ಬಗ್ಗುತ್ತಾರೆ. ನಮ್ಮ ಕುಂಟು ಕುರ್ಚಿಯ ಮೇಲೆ ತುದಿಯಲ್ಲಿ ಕೂತು, ಬಿಸ್ಕತ್ತನ್ನು ಟೀಯಲ್ಲಿ ಅದ್ದಿ, ಅದು ಮುರಿದು ಬಿದ್ದಾಗ ನನ್ನ ಮುಖ ನೋಡಿದರು. "ಪರವಾಗಿಲ್ಲ, ಚಮಚ ಕೊಡ್ತೀನಿ" ಎಂದೆ. ಆಮೇಲೆ ಅವರಿಗೆ ಮಾತು ಸುಲಭವಾಯಿತು.

"ನೋಡಿ ಅಮ್ಮ, ಕ್ಯಾಮೆರಾದಲ್ಲಿ ಅವಳ ವೇಗ ಬಿದ್ದಿದೆ. ಮಿತಿಯ ಎರಡರಷ್ಟಕ್ಕಿಂತ ಜಾಸ್ತಿ. ಹಳೇ ಕಾನೂನಾಗಿದ್ರೆ ದಂಡ ಕಟ್ಟಿ ಮನೆಗೆ ಬರಬಹುದಿತ್ತು. ಈಗ ಹಾಗಿಲ್ಲ. ಯಾರಿಗೂ ಏಟು ಬೀಳದಿದ್ರೂ ಜೈಲು. ಆರು ತಿಂಗಳಾದ್ರೂ ಆಗಬಹುದು. ಕಾರೂ ಹೋಗುತ್ತೆ, ಲೈಸೆನ್ಸೂ ಹೋಗುತ್ತೆ" ಎಂದರು. ಕಾನೂನಿನಲ್ಲಿ ಒಂದೇ ಒಂದು ಕಿಂಡಿ ಇದೆಯಂತೆ: ಪ್ರಾಣಕ್ಕೆ ಕುತ್ತು ಬಂದು ಓಡಿದ್ದರೆ ಬಿಡುತ್ತಾರಂತೆ. "ಅವತ್ತು ಬೆಳಿಗ್ಗೆ ನೀವು ಮಗಳಿಗೆ ಫೋನ್ ಮಾಡಿದ್ದು ಫೋನ್ ಕಂಪನಿಯವರ ಹತ್ರ ಇದೆ. ಅವಳು ಆ ರಸ್ತೆಗೆ ಬರೋಕೆ ಸ್ವಲ್ಪ ಮುಂಚೆ. ಯಜಮಾನರಿಗೆ ಫಿಟ್ಸ್ ಬಂತು, ಗಾಬರಿಯಾಗಿ ಬೇಗ ಬಾ ಅಂದೆ ಅಂತ ಹೇಳಿಬಿಡಿ. ಅವರಿಗೆ ಆಗಾಗ ಬರೋದು ಊರಿಗೇ ಗೊತ್ತು. ಪೂರ್ತಿ ಸುಳ್ಳೇನೂ ಆಗಲ್ಲ" ಎಂದು ಚಮಚದಿಂದ ಬಿಸ್ಕತ್ತು ಎತ್ತಿ ತಿಂದರು.

ಅಷ್ಟರಲ್ಲಿ ಅಪ್ಪ ಎದ್ದು ಬಂದರು. ಹೊಸಬರನ್ನು ನೋಡಿ ಮುಖ ಅರಳಿತು. ಬೋರ್ಡು ಬರೆಸಲು ಬಂದ ಗಿರಾಕಿ ಎಂದುಕೊಂಡರು. "ಅಕ್ಷರ ಎಷ್ಟು ದೊಡ್ಡದು ಬೇಕು ಸ್ವಾಮಿ?" ಎಂದು ಕೇಳಿದರು. ವಕೀಲರು ತಡಬಡಿಸಿ, "ಮೀಡಿಯಮ್ ಸಾಕು" ಎಂದರು. ಎಷ್ಟು ನಗು ಬಂತು ಎಂದರೆ ಬಾಯಿಗೆ ಸೆರಗು ಒತ್ತಿಕೊಂಡು ಅಡುಗೆಮನೆಗೆ ಓಡಿದೆ. ಅಲ್ಲಿ ಹೋಗಿ ನೋಡಿದರೆ ಅಳುತ್ತಿದ್ದೆ. ಒಲೆಯ ಮುಂದೆ ನಿಂತು ಸ್ವಲ್ಪ ಹೊತ್ತು ಅತ್ತು, ಮುಖ ತೊಳೆದು, ಇನ್ನೊಂದು ಲೋಟ ಟೀ ತಂದೆ.

ಹೋಗುವಾಗ ವಕೀಲರು ನೀನು ಕೊಟ್ಟ ಚೀಟಿ ಕೊಟ್ಟರು. "ಅಮ್ಮಾ, ಒಂದೇ ಒಂದ್ಸಲ. ಪ್ಲೀಸ್." ಕಡಲೆಕಾಯಿ ಕೊಡಿಸು ಎಂದು ಚಿಕ್ಕವಳಿದ್ದಾಗ ಕೇಳುತ್ತಿದ್ದುದೂ ಇದೇ ಮಾತಿನಲ್ಲಿ. ಎರಡು ದಿನದಿಂದ ಆ ಚೀಟಿಯನ್ನು ಎಲ್ಲಿಡಬೇಕೋ ತಿಳಿಯದೆ ಕೈಯಲ್ಲೇ ಹಿಡಿದುಕೊಂಡು ಮನೆಯೆಲ್ಲ ಓಡಾಡಿದ್ದೇನೆ. ನಾಡಿದ್ದು ಮಂಗಳವಾರ ನ್ಯಾಯಾಧೀಶರ ಮುಂದೆ ನಾನು ಏನು ಹೇಳುತ್ತೇನೆ ಎಂದು ನೀನು ಕಾಯುತ್ತಿದ್ದೀಯ. ನಾನೂ ಅದನ್ನೇ ಕಾಯುತ್ತಿದ್ದೆ ಎಂದರೆ ನಂಬುತ್ತೀಯಾ?

ಆ ಸಭಾಂಗಣ ನೆನಪಿದೆಯಾ? ಹೊಸ ಕಾನೂನಿನ ಬಗ್ಗೆ ಜನರ ಅಭಿಪ್ರಾಯ ಕೇಳಲು ಕರೆದಿದ್ದರಲ್ಲ, ಎತ್ತರದ ಸೀಲಿಂಗಿನ ಆ ಹಳೆಯ ಕಟ್ಟಡ. ಫ್ಯಾನುಗಳು ಅಷ್ಟು ಮೇಲಿದ್ದವು, ತಿರುಗುವುದು ಕಾಣುತ್ತಿತ್ತು, ಗಾಳಿ ಮಾತ್ರ ಕೆಳಗೆ ಬರುತ್ತಿರಲಿಲ್ಲ. ನೀನು ಈಜುಕೊಳದಿಂದ ನೇರ ಬಂದಿದ್ದೆ, ಕೂದಲು ಒದ್ದೆ. ಕಾರಿನ ಕಂಪನಿಯ ಕಡೆಯವರೊಬ್ಬರು ಎದ್ದು, ಯಾರಿಗೂ ಏನೂ ಆಗದಿದ್ದಾಗ ಜೈಲಿಗೆ ಹಾಕುವುದು ಯಾವ ನ್ಯಾಯ ಎಂದು ಕೇಳಿದರು. ನೀನು ಮೈಕಿಗೂ ಕಾಯಲಿಲ್ಲ. "ಆದ ಮೇಲೆ ಹಾಕಿದ್ರೆ ನಮ್ಮಪ್ಪನಿಗೆ ಏನ್ ಬಂತು ಸಾರ್?" ಎಂದೆ. ಅಪ್ಪನಿಗೆ ಕಾರು ಗುದ್ದಿದ ಹುಡುಗ ದಂಡ ಕಟ್ಟಿ ಕೋರ್ಟಿನಿಂದ ಹೊರಗೆ ಬಂದು ಪಾರ್ಕಿಂಗ್ ಯಾವ ಕಡೆ ಎಂದು ನಿನ್ನನ್ನೇ ಕೇಳಿದ್ದನ್ನು ಹೇಳಿದೆ. ಏನೂ ಆಗದೇ ಇರುವಾಗಲೇ ಹಿಡಿಯಿರಿ, ಆಗ ಮಾತ್ರ ಏನೂ ಆಗುವುದಿಲ್ಲ ಎಂದೆ. ಅವತ್ತು ನಿನ್ನನ್ನು ನೋಡಿ ನನಗೆ ಎಂಥ ಹೆಮ್ಮೆ! ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ, ನೀನು ಅವತ್ತು ನಿಜಕ್ಕೂ ಮುದ್ದಾಗಿದ್ದೆ.

ನಾನು ಮಾತಾಡಿದ್ದು ಒಂದೇ ಒಂದು ಮಾತು. ಆಸ್ಪತ್ರೆಗೆ ಓಡುವವರನ್ನು ಬಿಡಿ ಎಂದೆ. ಕಾರು ಹೊಡೆದ ದಿನ ಅಪ್ಪನ ತಲೆ ನನ್ನ ತೊಡೆಯ ಮೇಲಿತ್ತು, ಆ ಟ್ಯಾಕ್ಸಿಯವನು ಕೆಂಪು ದೀಪ ನೋಡಲಿಲ್ಲ, ತಿರುವು ನೋಡಲಿಲ್ಲ, "ಗಟ್ಟಿ ಹಿಡ್ಕೊಳಮ್ಮ" ಎಂದು ಕೂಗುತ್ತಾ ಓಡಿಸಿದ. ಇನ್ನು ಸ್ವಲ್ಪ ತಡವಾಗಿದ್ದರೆ ಅವರು ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರು. ವೇಗ ಅವರನ್ನು ಕೆಡವಿತು, ವೇಗವೇ ಅವರನ್ನು ಉಳಿಸಿತು. ಈ ಎರಡನ್ನೂ ತೂಗಿ ನೋಡುವ ತಕ್ಕಡಿ ನನ್ನ ಹತ್ತಿರವಿಲ್ಲ. ಸಭೆಯ ಅಧ್ಯಕ್ಷರು ತಲೆಯಾಡಿಸಿ ಬರೆದುಕೊಂಡರು. ಹಾಗೆ ಆ ಕಿಂಡಿ ಕೊರೆಯಲು ನಾನೂ ಕೈಹಾಕಿದ್ದೆ. ಈಗ ಅದೇ ಕಿಂಡಿಯಲ್ಲಿ ನಿನ್ನನ್ನು ದಾಟಿಸು ಎನ್ನುತ್ತಿದ್ದಾರೆ.

ಅಂಥ ನೀನು ಹೀಗೆ ಮಾಡಿದೆಯಲ್ಲ ಎಂದು ಊರೆಲ್ಲ ಬಾಯಿಗೆ ಬಂದಂತೆ ಆಡಿಕೊಳ್ಳುತ್ತಿದೆ. ಕೆಳಗಿನ ಮನೆಯ ಟೈಲರಮ್ಮ ಮೆಟ್ಟಿಲಲ್ಲಿ ನನ್ನನ್ನು ನಿಲ್ಲಿಸಿ, "ಹೇಳೋದು ಪುರಾಣ, ಮಾಡೋದು ಅನಾಚಾರ ಅಂದಂಗಾಯ್ತಲ್ಲ" ಎಂದಳು. ಅವಳ ಗಂಡ ಮೂರು ಹೊತ್ತು ಏನು ಮಾಡುತ್ತಾನೆ ಎಂದು ಹೇಳಬೇಕೆನಿಸಿತು. ಹೇಳಲಿಲ್ಲ, ಕೈಯಲ್ಲಿ ಹಾಲಿನ ಪಾತ್ರೆಯಿತ್ತು. ಅವರಿಗೆ ಗೊತ್ತಿಲ್ಲ. ನನಗೆ ಗೊತ್ತು.

ಟೆರೇಸಿನ ಮೇಲೆ ಹಾಸಿಗೆಯ ಬಟ್ಟೆ ಮಡಿಸುತ್ತಿದ್ದ ಆ ಸಂಜೆ ನೀನೇ ಹೇಳಿದೆ. ಆ ತುದಿ ನೀನು, ಈ ತುದಿ ನಾನು. ಅಂಚು ಕೂಡಿಸಲು ಹತ್ತಿರ ಬಂದಾಗ ಒಂದು ಮಾತು ಹೇಳುತ್ತಿದ್ದೆ, ಮತ್ತೆ ದೂರ ಹೋಗುತ್ತಿದ್ದೆ. "ಆ ಹುಡುಗ ಕೋರ್ಟಲ್ಲಿ, ಅವರು ನನಗೆ ಕಾಣಿಸಲೇ ಇಲ್ಲ ಅಂದನಲ್ಲಮ್ಮಾ" ಎಂದೆ. ದೂರ ಹೋದೆ. "ಅದು ನಿಜಾನಾ ಸುಳ್ಳಾ ಅಂತ ನೋಡಬೇಕಿತ್ತು" ಎಂದೆ. ಅದೇ ರಸ್ತೆ, ಅದೇ ಬೆಳಗಿನ ಹೊತ್ತು, ಅವನು ಹೋದಷ್ಟೇ ವೇಗ. ರಸ್ತೆಯ ಅಂಚಿನಲ್ಲಿ ಬಣ್ಣದ ಡಬ್ಬ ಹಿಡಿದು ನಿಂತ ಒಬ್ಬ ಮನುಷ್ಯ ಅಷ್ಟು ವೇಗದಲ್ಲಿ ಕಣ್ಣಿಗೆ ಬೀಳುತ್ತಾನೋ ಇಲ್ಲವೋ ಎಂದು ಪರೀಕ್ಷೆ ಮಾಡಲು ಹೋಗಿದ್ದೆಯಂತೆ. ಇಂಥ ಬುದ್ಧಿ ನಮ್ಮ ಮನೆಯಲ್ಲಿ ಬಿಟ್ಟು ಇನ್ನೆಲ್ಲಿ ಹುಟ್ಟಬೇಕು? ಒಂದು ಅಕ್ಷರ ಸೊಟ್ಟಗಾದರೆ ಇಡೀ ಬೋರ್ಡು ಅಳಿಸಿ ಮತ್ತೆ ಬರೆಯುತ್ತಿದ್ದವರ ಮಗಳಲ್ಲವೇ ನೀನು.

ಕಂಡಿತಾ ಎಂದು ಕೇಳಿದೆ. ನೀನು ಬಟ್ಟೆಯ ಅಂಚು ನನ್ನ ಕೈಗಿಟ್ಟು ನಿಂತೆ. "ಮೊದಲ ಸಲ ಭಯ ಆಯ್ತು. ಆಮೇಲೆ ಭಯಾನೂ ಹೋಯ್ತು. ಪಕ್ಕದಲ್ಲಿರೋದೆಲ್ಲ ಕರಗಿ ಹೋಗುತ್ತಮ್ಮಾ. ಮರ, ಗೋಡೆ, ಜನ, ಎಲ್ಲಾ ಒಂದೇ ಬಣ್ಣ. ಸದ್ದೇ ಇರಲ್ಲ. ಈಜುಕೊಳದ ತಳದಲ್ಲಿ ಕೂತ ಹಾಗಿರುತ್ತೆ. ಅಪ್ಪ, ಆ ಹುಡುಗ, ಯಾರೂ ನೆನಪಿಗೆ ಬರಲ್ಲ" ಎಂದೆ. ನಿನ್ನ ಮುಖ ಎಷ್ಟು ಶಾಂತವಾಗಿತ್ತು! ನಾಲ್ಕು ವರ್ಷದಲ್ಲಿ ನಿನ್ನನ್ನು ಹಾಗೆ ನೋಡಿರಲಿಲ್ಲ. ಪರೀಕ್ಷೆ ಎಂದೋ ಮುಗಿದಿದೆ, ಈಗ ಹೋಗುವುದು ಆ ಸದ್ದಿಲ್ಲದ ಜಾಗಕ್ಕೆ ಎಂದು ಆಗಲೇ ನನಗೆ ತಿಳಿಯಿತು. ಸಂಜೆಯ ಗಾಳಿಗೆ ಬಟ್ಟೆ ನಮ್ಮಿಬ್ಬರ ನಡುವೆ ಉಬ್ಬಿ ನಿಂತಿತ್ತು. ನಾನು ಅದನ್ನು ಕೆಳಗೆ ಒತ್ತಿ ಹಿಡಿದೆ. ಹೋಗಬೇಡ ಎಂದೆ. ನೀನು ನಕ್ಕು ನನ್ನ ಕೆನ್ನೆ ಹಿಂಡಿದೆ.

ಇದೆಲ್ಲ ಮೊದಲೇ ಗೊತ್ತಿತ್ತಾ ಎಂದು ವಕೀಲರು ಶುಕ್ರವಾರ ಕೇಳಿದರು. "ಇನ್ನೊಂದು ಬಿಸ್ಕತ್ತು ತಗೊಳ್ಳಿ" ಎಂದೆ.

ಪೊಲೀಸರು ನಿನ್ನನ್ನು ಹಿಡಿದು ಜಾಮೀನಿನ ಮೇಲೆ ಬಿಟ್ಟ ದಿನದಿಂದ ಒಂದೇ ಕನಸು ಬೀಳುತ್ತಿದೆ. ನಾನು ನನ್ನ ಕೌಂಟರಿನಲ್ಲಿ ಕೂತಿರುತ್ತೇನೆ. ನಿನಗೆ ಗೊತ್ತಲ್ಲ, ಬಸ್ ನಿಲ್ದಾಣದಲ್ಲಿ ಜನ ಮರೆತು ಹೋದದ್ದನ್ನೆಲ್ಲ ತಂದು ನನ್ನ ಮುಂದೆ ಸುರಿಯುತ್ತಾರೆ. ಹಿಂದಿನ ಕಪಾಟಿನ ತುಂಬ ಕೊಡೆಗಳು, ಒಂಟಿ ಶೂಗಳು, ಊಟದ ಡಬ್ಬಿಗಳು, ಯಾರದೋ ಹಲ್ಲಿನ ಸೆಟ್ಟು. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆಯ ಅರ್ಥ ತಿಳಿಯಬೇಕಾದರೆ ಒಂದು ದಿನ ನನ್ನ ಕುರ್ಚಿಯಲ್ಲಿ ಕೂರಬೇಕು. ಕನಸಿನಲ್ಲಿ ಕೌಂಟರಿನ ಮುಂದೆ ಉದ್ದನೆಯ ಸಾಲು ನಿಂತಿರುತ್ತದೆ. ಬ್ರೆಡ್ಡಿನ ಚೀಲ ಹಿಡಿದ ಹೆಂಗಸು, ನಾಯಿ ಹಿಡಿದ ಮುದುಕ, ಒಬ್ಬರ ಕೈ ಒಬ್ಬರು ಹಿಡಿದ ಇಬ್ಬರು ಶಾಲೆಯ ಹುಡುಗಿಯರು. ಆ ಬೆಳಿಗ್ಗೆ ನಿನ್ನ ರಸ್ತೆಯಲ್ಲಿದ್ದವರು. ನಿನ್ನ ಕಾರು ತಾಗದೇ ಹೋದವರು. "ನಮ್ಮದೇನಾದ್ರೂ ಇಲ್ಲಿ ಬಂದಿದೆಯಾ?" ಎಂದು ಒಬ್ಬೊಬ್ಬರೇ ಕೇಳುತ್ತಾರೆ. ನಾನು ಕಪಾಟೆಲ್ಲ ಹುಡುಕಿ, "ಏನೂ ಬಂದಿಲ್ಲ, ನಿಮ್ಮದೇನೂ ಕಳೆದಿಲ್ಲ, ಹೋಗಿ" ಎನ್ನುತ್ತೇನೆ. ಅವರು ಹೋಗುವುದಿಲ್ಲ. ಸಿಟ್ಟೂ ಮಾಡುವುದಿಲ್ಲ. ತುಂಬ ಮರ್ಯಾದೆಯಿಂದ ಅಲ್ಲೇ ನಿಂತಿರುತ್ತಾರೆ. ಸಾಲಿನ ಕೊನೆಯಲ್ಲಿ ಯಾರಿದ್ದಾರೆ ಎಂದು ನಾನು ಬಗ್ಗಿ ನೋಡುವಷ್ಟರಲ್ಲಿ ಎಚ್ಚರವಾಗುತ್ತದೆ. ಎದ್ದಮೇಲೂ ಆ ಹೆಂಗಸಿನ ಬ್ರೆಡ್ಡಿನ ಬಿಸಿ ವಾಸನೆ ಮೂಗಿನಲ್ಲೇ ಇರುತ್ತದೆ.

"ಯಾರಿಗೂ ಏನೂ ಆಗಲಿಲ್ಲವಲ್ಲ" ಎಂದು ನೀನು ವಕೀಲರ ಮುಂದೆ ಹೇಳಿದೆಯಂತೆ. ಅದನ್ನು ಕೇಳಿದಾಗ ನನಗೆ ಆ ಸಭಾಂಗಣದ ಫ್ಯಾನುಗಳು ಕಂಡವು. ಬೇರೆ ಯಾವ ಮಾತನ್ನಾದರೂ ಹೇಳಬಹುದಿತ್ತು ಕಣೇ. ಆ ಒಂದು ಮಾತು ನಿನ್ನ ಬಾಯಿಂದ ಬರಬಾರದಿತ್ತು.

ಕೇಳು. ಮಂಗಳವಾರ ನಾನು ಬರುತ್ತೇನೆ. ಅಪ್ಪನ ಹತ್ತಿರ ಟೈಲರಮ್ಮನನ್ನು ಕೂರಿಸಿ ಬರುತ್ತೇನೆ, ಬಾಯಿ ಹರುಕಾದರೂ ಕೈ ಒಳ್ಳೆಯದು ಅವಳದು. ಕೇಳಿದರೆ, ಆ ದಿನ ಅವರಿಗೆ ಫಿಟ್ಸ್ ಬರಲಿಲ್ಲ ಎನ್ನುತ್ತೇನೆ. ಬರಲಿಲ್ಲ. ಎದ್ದು, ಹಾಲು ಕುಡಿದು, ಕಿಟಕಿಯ ಗಾಜಿನ ಮಂಜಿನ ಮೇಲೆ ನಿನ್ನ ಹೆಸರು ಬರೆದರು. ಅಕ್ಷರಗಳಿಗೆ ನೆರಳೂ ಕೊಟ್ಟರು. ಒಬ್ಬನ ಆತುರ ಅವರ ತಲೆ ಒಡೆಯಿತು. ಒಡೆದ ಆ ತಲೆಯನ್ನೇ ಇನ್ನೊಬ್ಬರ ಆತುರಕ್ಕೆ ನೆಪವಾಗಿ ಹಿಡಿದು ನಿಲ್ಲಲು ನನ್ನಿಂದ ಆಗುವುದಿಲ್ಲ, ಆ ಇನ್ನೊಬ್ಬರು ನೀನೇ ಆದರೂ. ಅವರಿಗೆ ತಿಳಿಯುವುದಿಲ್ಲ ಎನ್ನಬೇಡ. ತಿಳಿಯದವರ ಮೇಲೆ ಸುಳ್ಳು ಹೇಳುವುದು ತಿಳಿದವರ ಮೇಲೆ ಹೇಳುವುದಕ್ಕಿಂತ ಕೆಟ್ಟದ್ದು.

ನನ್ನ ಕರುಳು ಕಲ್ಲಲ್ಲ. ನೀನು ಒಳಗೆ ಹೋಗುತ್ತೀಯ ಎಂದು ನೆನೆದರೆ ರಾತ್ರಿ ಎದ್ದು ಕೂರುತ್ತೇನೆ. ಈಜು ಕಲಿಯುವ ಮಕ್ಕಳನ್ನು ಅವರ ಅಪ್ಪ ಅಮ್ಮ ಮತ್ತೆ ನಿನ್ನ ಹತ್ತಿರ ಬಿಡುತ್ತಾರೋ ಇಲ್ಲವೋ ಎಂದು ಯೋಚಿಸುತ್ತೇನೆ. ನೀರಿಲ್ಲದ ಕಡೆ ನೀನು ಹೇಗಿರುತ್ತೀಯೋ ಎಂದು ಯೋಚಿಸುತ್ತೇನೆ. ನಿನ್ನೆ ಕೆಲಸಕ್ಕೆ ಅರ್ಧ ದಿನ ರಜೆ ಹಾಕಿ ಆ ಜೈಲಿನವರೆಗೂ ಹೋಗಿ ಬಂದೆ. ಹೊರಗಿನ ಗೋಡೆಗೆ ತಿಳಿ ಹಳದಿ ಬಣ್ಣ. ಬಾಗಿಲಲ್ಲಿದ್ದ ಹೆಂಗಸು ಯಾರನ್ನು ನೋಡಬೇಕು ಎಂದು ಕೇಳಿದಳು. "ಇನ್ನೂ ಬಂದಿಲ್ಲ, ಬರ್ತಾಳೆ" ಎಂದೆ. ಅವಳು ನನ್ನನ್ನು ಹುಚ್ಚಿ ಎಂದುಕೊಂಡಿರಬೇಕು, ಆದರೂ ಕೂರಲು ಸ್ಟೂಲು ಕೊಟ್ಟಳು. ಪುಸ್ತಕ ತರಬಹುದಂತೆ, ತಿಂಡಿ ತರುವ ಹಾಗಿಲ್ಲವಂತೆ. ಅಲ್ಲೊಂದು ಬೇವಿನ ಮರವಿದೆ, ಅದರ ಅರ್ಧ ನೆರಳು ಒಳಗೆ ಬೀಳುತ್ತದೆ, ಅರ್ಧ ಹೊರಗೆ. ಪ್ರತಿ ವಾರ ನಾನು ಬರುತ್ತೇನೆ. ಅಪ್ಪ ಕೇಳಿದರೆ ಸ್ಕೂಲಿನಿಂದ ಪ್ರವಾಸ ಹೋಗಿದ್ದಾಳೆ ಎನ್ನುತ್ತೇನೆ. ಅವರು ದಿನಾ ಕೇಳುತ್ತಾರೆ, ನಾನು ದಿನಾ ಹೊಸ ಊರು ಹುಟ್ಟಿಸುತ್ತೇನೆ.

ಈ ಕಾಗದವನ್ನು ವಕೀಲರ ಕೈಯಲ್ಲಿ ಕೊಡುವುದಿಲ್ಲ. ಅಪ್ಪ ಏಳುವ ಮೊದಲು ನಾನೇ ಬಂದು ನಿನ್ನ ಬಾಡಿಗೆ ಕೋಣೆಯ ಬಾಗಿಲ ಕೆಳಗೆ ತೂರಿಸಿ ಹೋಗುತ್ತೇನೆ. ಒಳಗೆ ನಿನ್ನ ಹೆಜ್ಜೆಯ ಸದ್ದು ಕೇಳಿದರೂ ಬಾಗಿಲು ತಟ್ಟುವುದಿಲ್ಲ. ತಟ್ಟಿದರೆ ನಿನ್ನ ಮುಖ ನೋಡಬೇಕಾಗುತ್ತದೆ, ನೋಡಿದರೆ ನೀನು ಹೇಳಿದ್ದಕ್ಕೆಲ್ಲ ಹೂಂ ಎಂದುಬಿಡುತ್ತೇನೆ.

ಸರಿಯಾಗಿ ಊಟ ಮಾಡು. ಮಂಗಳವಾರ ತಲೆ ಬಾಚಿಕೊಂಡು ಬಾ.

ನಿನ್ನನ್ನು ಹೆತ್ತು, ನಿನ್ನ ಹಿಂದೆ ಓಡಲಾರದೆ ಏದುಸಿರು ಬಿಡುತ್ತಿರುವ,
ಅಮ್ಮ

ಮರೆತದ್ದು: ಮರೆತದ್ದಲ್ಲ, ಬರೆಯಬಾರದು ಎಂದುಕೊಂಡಿದ್ದೆ. ಲಕೋಟೆ ಅಂಟಿಸಿ ಮತ್ತೆ ಹರಿದಿದ್ದೇನೆ.

ನಿನ್ನನ್ನು ಹಿಡಿದ ಆ ತಿರುವಿನಲ್ಲಿ ಅಷ್ಟು ಬೆಳಿಗ್ಗೆ ಪೊಲೀಸರು ಕ್ಯಾಮೆರಾ ಇಟ್ಟುಕೊಂಡು ಯಾವತ್ತೂ ನಿಲ್ಲುವುದಿಲ್ಲ. ನಿಲ್ಲಿಸಿದವಳು ನಾನು. ಬಟ್ಟೆ ಮಡಿಸಿದ ಮರುದಿನ ಠಾಣೆಗೆ ಹೋಗಿ ಕಾರಿನ ನಂಬರು, ರಸ್ತೆ, ಹೊತ್ತು ಎಲ್ಲ ಹೇಳಿದೆ. ಯಾರ ಕಾರು ಎಂದರು. ನನ್ನ ಮಗಳದು ಎಂದೆ. ಆ ಅಧಿಕಾರಿ ಪೆನ್ನು ಕೆಳಗಿಟ್ಟು, "ಮನೇಲೇ ಬುದ್ಧಿ ಹೇಳಬಹುದಲ್ಲಮ್ಮಾ?" ಎಂದರು. "ಹೇಳಿದೆ, ಕೆನ್ನೆ ಹಿಂಡ್ತಾಳೆ" ಎಂದೆ. ಅವರು ನಗಲಿಲ್ಲ. ನನ್ನ ಹೆಸರು ಎಲ್ಲೂ ಬರುವುದಿಲ್ಲ ಎಂದರು. ನಿನ್ನ ಹತ್ತಿರವಾದರೂ ಬರಲಿ ಎಂದು ಬರೆಯುತ್ತಿದ್ದೇನೆ.

ಅವರು ನಿಲ್ಲುವ ದಿನ ಬೆಳಿಗ್ಗೆ ನನ್ನ ಧೈರ್ಯವೆಲ್ಲ ಉಡುಗಿಹೋಯಿತು. ಇವತ್ತೊಂದು ದಿನ ಹೋಗಬೇಡ ಎನ್ನಲು ಫೋನ್ ಮಾಡಿದೆ. ನೀನು ಪೂರ್ತಿ ಕೇಳಿಸಿಕೊಳ್ಳಲಿಲ್ಲ. ಫೋನ್ ಇಟ್ಟಮೇಲೆ ನನಗೆ ಅಳುವೂ ಬಂತು, ಸಮಾಧಾನವೂ ಆಯಿತು. ಆ ಸಮಾಧಾನಕ್ಕೆ ಏನು ಹೆಸರೋ ನನಗೆ ಗೊತ್ತಿಲ್ಲ.

ನನ್ನ ಮೇಲೆ ಸಿಟ್ಟು ಮಾಡಿಕೊ. ಎಷ್ಟು ವರ್ಷ ಬೇಕಾದರೂ ಮಾಡಿಕೊ, ನೋಡಲು ಬಂದಾಗ ಮುಖ ತಿರುಗಿಸಿ ಕೂತುಕೊ. ಸಿಟ್ಟು ಮಾಡಿಕೊಳ್ಳಲು ನೀನು ಇದ್ದೀಯಲ್ಲ. ನನಗೆ ಬೇಕಾಗಿದ್ದದ್ದು ಅಷ್ಟೇ.